ಕಲಬುರಗಿ ಬಿಸಿಲಲ್ಲಿ ಕಲೋನಿಯಲ್ ಮನೆ: ಸೈಡಿಂಗ್ ಹಲಗೆ, ಶಹಾಬಾದ್ ಫರಸಿ, ಹೊರಗಿನ ಬಣ್ಣ – ಯಾವುದು ತಗೋಬೇಕು, ಯಾವುದು ಬೇಡ

ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ಫೈಬರ್ ಸಿಮೆಂಟ್ ಸೈಡಿಂಗ್ ಹಲಗೆ, ಅಂದರೆ ಗೋಡೆಯ ಹೊರಮೈಗೆ ಹೊದಿಸುವ ಹಲಗೆ, ನಮ್ಮ ಕಲಬುರಗಿಗೆ ಒಗ್ಗುತ್ತದೆ, ಆದರೆ ಇಡೀ ಮನೆಗೆ ಹೊದಿಸಬೇಡಿ, ಮುಂಭಾಗದ ಮೇಲಿನ ಒಂದು ಪಾಲಿಗೆ ಸಾಕು. ಗೋಡೆಯ ಕೆಳಗಿನ ಮೂರು ಅಡಿಗೆ ಶಹಾಬಾದ್ ಫರಸಿಗಿಂತ (ಸುಣ್ಣದ ಕಲ್ಲಿನ ಚಪ್ಪಡಿ) ಒಳ್ಳೆಯ ಮಾಲು ನನಗೆ ಯಾವ ಶೋರೂಮಿನಲ್ಲೂ ಕಾಣಲಿಲ್ಲ. ಇನ್ನು ಪೇಂಟ್. ಎಲ್ಲಕ್ಕಿಂತ ದುಬಾರಿ ಡಬ್ಬಿ ತರುವುದಕ್ಕಿಂತ ಬಿಸಿಲಿಗೆ ನಿಲ್ಲುವ ಬಣ್ಣ ಆರಿಸುವುದು ಮುಖ್ಯ. ನಮ್ಮ ಮನೆಯ ಹೊರಗೋಡೆ ಬೇಸಿಗೆ, ಮಳೆಗಾಲ ಎರಡನ್ನೂ ನೋಡಿಯಾಯಿತು. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಈಚೆಗೆ ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆಯ ಹೊಸ ಲೇಔಟ್‌ಗಳಲ್ಲಿ ಕಲೋನಿಯಲ್ ಎಲಿವೇಷನ್ (ಮನೆಯ ಮುಂಭಾಗದ ವಿನ್ಯಾಸ) ಕೇಳುವವರು ಜಾಸ್ತಿ ಆಗಿದ್ದಾರೆ. ಮುಂದೆ ಎರಡು ಕಂಬ, ನಡುವೆ ಬಾಗಿಲು, ಎರಡೂ ಬದಿಗೆ ಅಷ್ಟೇ ಅಳತೆಯ ಕಿಟಕಿ, ಕಿಟಕಿ ಸುತ್ತ ಬಿಳಿ ಪಟ್ಟಿ. ನಮ್ಮದೂ ಅದೇ. ನಮ್ಮ ಮೈದುನ ಅಮೆರಿಕಾದ ವರ್ಜೀನಿಯಾದಲ್ಲಿದ್ದಾನೆ, ಅವನ ಮನೆ ಫೋಟೊ ನೋಡಿದಾಗಿನಿಂದ ನಮ್ಮ ಯಜಮಾನರಿಗೆ ಆ ಥರದ ಮನೆಯೇ ಬೇಕು ಅಂತ ಆಸೆ. ಬಿಳಿ ಹಲಗೆಯ ಗೋಡೆ, ಕಿಟಕಿಗಳ ಪಕ್ಕ ಕಪ್ಪು ಶಟರ್ (ಕಿಟಕಿ ಮುಚ್ಚುವ ಪಟ್ಟಿ ಬಾಗಿಲು), ಕೆಂಪು ಬಾಗಿಲು. ನೋಡಲು ನಿಜಕ್ಕೂ ಚೆನ್ನಾಗಿದೆ. ಆದರೆ ಅದು ಅಲ್ಲಿಯ ಮರ, ಅಲ್ಲಿಯ ಹಿಮ, ಅಲ್ಲಿಯ ತೆಳು ಬಿಸಿಲಿಗೆ ಹುಟ್ಟಿದ ಮನೆ. ಅದನ್ನು ಹಾಗೇ ಎತ್ತಿ ತಂದು 43 ಡಿಗ್ರಿ ಬಿಸಿಲಲ್ಲಿ, ಎರೆ ಮಣ್ಣಿನ ನೆಲದ ಮೇಲೆ ನಿಲ್ಲಿಸಿದರೆ ಅದೇ ಅಂದ ಬರುವುದಿಲ್ಲ. ಏನು ಉಳಿಸಿಕೊಳ್ಳಬೇಕು, ಏನು ಬದಲಿಸಬೇಕು ಅನ್ನುವುದರ ಮೇಲೆಯೇ ಎಲ್ಲಾ ನಿಂತಿದೆ.

ಮೊದಲು ಸೈಡಿಂಗ್ ವಿಷಯ. ಅಮೆರಿಕಾದಲ್ಲಿ ಹಳೆಯ ಮನೆಗಳಿಗೆ ಮರದ ಹಲಗೆಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಹೊಡೆಯುತ್ತಿದ್ದರು, ಮಳೆ ನೀರು ಒಳಗೆ ಹೋಗದೆ ಜಾರಿ ಬೀಳಲಿ ಅಂತ. ಆಮೇಲೆ ಅಲ್ಯೂಮಿನಿಯಂ ಬಂತು, ಅದರ ಹಿಂದೆ ವಿನೈಲ್ ಬಂತು, ಈಗ ಫೈಬರ್ ಸಿಮೆಂಟ್ ಕೂಡ ಬಹಳ ನಡೆಯುತ್ತದೆ. ಮೈದುನನ ಮನೆಯದು ವಿನೈಲ್. ವಿನೈಲ್ ಅಂದರೆ ಪಿವಿಸಿ, ಸುಮಾರು 70 ಡಿಗ್ರಿ ಶಾಖ ತಗುಲಿದರೆ ಮೆತ್ತಗಾಗಿ ಸೊಟ್ಟ ಆಗುತ್ತದೆ. ಎದುರು ಮನೆಯ ಕಿಟಕಿ ಗಾಜಿನಿಂದ ಬಿಸಿಲು ತಿರುಗಿ ಹೊಡೆದು ಸೈಡಿಂಗ್ ಸೊಟ್ಟ ಆಗುವುದು ಅಲ್ಲೇ ಇದೆ. ಇಲ್ಲಿ ಮೇ ತಿಂಗಳ ಮಧ್ಯಾಹ್ನ ಪಶ್ಚಿಮದ ಗಾಢ ಬಣ್ಣದ ಗೋಡೆ ಮೇಲೆ ಕೈ ಇಡಲು ಆಗುವುದಿಲ್ಲ, ಅಲ್ಲಿ ಪ್ಲಾಸ್ಟಿಕ್ ಹಾಕುವ ಯೋಚನೆಯೇ ಬೇಡ. ವಿನೈಲ್ ಸೈಡಿಂಗ್ ನಮ್ಮ ಕಡೆ ಸಿಗುವುದೂ ಅಪರೂಪ. ಅದರ ಬದಲಿಗೆ ಅಂಗಡಿಯವರು ತೋರಿಸುವುದು ಪಿವಿಸಿ ಪ್ಯಾನೆಲ್, ಡಬ್ಲ್ಯೂಪಿಸಿ ಲೂವರ್ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಪಟ್ಟಿ ಪಟ್ಟಿ ಫಲಕ), ಎಸಿಪಿ ಶೀಟ್ (ಎರಡು ಬದಿಗೆ ತೆಳು ಅಲ್ಯೂಮಿನಿಯಂ ಇರುವ ಹಾಳೆ). ಬಿಸಿಲು ನೇರವಾಗಿ ಬೀಳುವ ಕಡೆ ಪಿವಿಸಿ ಪ್ಯಾನೆಲ್ ಬೇಡವೇ ಬೇಡ. ಲೂವರ್ ತಗೊಳ್ಳುವವರು ಅದು ಹೊರಗಿನ ಬಳಕೆಗೆ ಮಾಡಿದ್ದಾ ಅಂತ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ, ಒಳಾಂಗಣದ್ದನ್ನೇ ಹೊರಗೂ ನಡೆಯುತ್ತದೆ ಅಂತ ಹೇಳಿ ಕೊಡುವವರು ಇದ್ದಾರೆ. ಎಸಿಪಿ ಶೀಟ್ ಹಾಕಿದರೆ ಮನೆ ಮೊಬೈಲ್ ಶೋರೂಮಿನ ಹಾಗೆ ಕಾಣುತ್ತದೆ, ಕಲೋನಿಯಲ್ ಮನೆಗೆ ಅದು ಸೇರುವುದೇ ಇಲ್ಲ.

ಹಾಗಾಗಿ ಉಳಿದಿದ್ದು ಫೈಬರ್ ಸಿಮೆಂಟ್ ಹಲಗೆ. ಸಿಮೆಂಟು, ಮರದ ನಾರು, ಮರಳಿನ ಪುಡಿ ಸೇರಿಸಿ ಒತ್ತಿ ಮಾಡಿದ್ದು. ಗೆದ್ದಲು ಹತ್ತುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ, ಬಿಸಿಲಿಗೆ ಮೆತ್ತಗಾಗುವುದಿಲ್ಲ. ನಾವು ತಂದದ್ದು 8 ಎಂಎಂ ದಪ್ಪದ್ದು. ಮರದ ಗೆರೆ ಇರುವುದು, ನಯವಾಗಿರುವುದು ಎರಡೂ ಸಿಗುತ್ತವೆ. ಫೋಟೊದಲ್ಲಿ ಗೆರೆ ಇರುವುದೇ ಚೆಂದ ಕಾಣುತ್ತದೆ, ಆದರೆ ನಯವಾದದ್ದನ್ನೇ ತಗೊಳ್ಳಿ. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮೂರಿನ ಗಾಳಿಯಲ್ಲಿ ಎಷ್ಟು ಧೂಳು ಇರುತ್ತದೆ ಅಂತ ನಿಮಗೇ ಗೊತ್ತು. ಆ ಧೂಳೆಲ್ಲ ಗೆರೆಗಳಲ್ಲಿ ಕೂತು, ಮೊದಲ ಮಳೆಗೆ ಕಣ್ಣೀರಿನ ಹಾಗೆ ಇಳಿದು ಕಲೆ ಆಗುತ್ತದೆ. ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಕಾರ್ಖಾನೆ ಹತ್ತಿರ ಇರುವವರು ಇದನ್ನು ಇನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು.

ಹಲಗೆ ಒಳ್ಳೆಯದೇ, ತೊಂದರೆ ಇರುವುದು ಕೂಡಿಸುವವರದ್ದು. ಈ ಕೆಲಸ ಗೊತ್ತಿರುವವರು ಊರಲ್ಲಿ ಕಡಿಮೆ. ಮೊದಲು ಬಂದ ತಂಡದವರು ಗೋಡೆಗೆ ನೇರವಾಗಿ ಮೊಳೆ ಹೊಡೆದು ಮುಗಿಸುತ್ತೇವೆ ಅಂದರು, ಅವರನ್ನು ಅಲ್ಲಿಗೇ ನಿಲ್ಲಿಸಿದೆವು. ಗೋಡೆಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಫ್ರೇಮ್ ಕೂಡಿಸಿ, ಅದರ ಮೇಲೆ ಹಲಗೆ ಸ್ಕ್ರೂ ಮಾಡಬೇಕು, ಹಲಗೆಗೂ ಗೋಡೆಗೂ ನಡುವೆ ಗಾಳಿ ಆಡಬೇಕು. ಆ ಸಂದಿಯಿಂದ ಎರಡು ಲಾಭ. ಒಳಗೆ ಹೋದ ಮಳೆ ನೀರು ಕೆಳಗೆ ಇಳಿದು ಹೊರಗೆ ಹೋಗುತ್ತದೆ, ಮತ್ತು ಬಿಸಿಲಿನ ಕಾವು ನೇರವಾಗಿ ಗೋಡೆಗೆ ದಾಟುವುದಿಲ್ಲ. ನಮ್ಮ ಮೇಲಿನ ಪಶ್ಚಿಮದ ಕೋಣೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಸಂಜೆ ಒಳಗಿನಿಂದ ಗೋಡೆ ಮುಟ್ಟಿದರೆ ಹಲಗೆ ಇಲ್ಲದ ಪಕ್ಕದ ಕೋಣೆಯ ಗೋಡೆಯಷ್ಟು ಬಿಸಿ ಇರುವುದಿಲ್ಲ. ಸಂದಿಯ ಕೆಳಗೂ ಮೇಲೂ ಸಣ್ಣ ಜಾಳಿಗೆ ಹಾಕಿಸಲೇಬೇಕು. ಇಲ್ಲದಿದ್ದರೆ ಹಲ್ಲಿ, ಕಣಜ ಎಲ್ಲ ಒಳಗೆ ಮನೆ ಮಾಡುತ್ತವೆ.

ಇನ್ನೊಂದು ಮಾತು. ಹಲಗೆ ಕೊಯ್ದ ಅಂಚಿಗೆ ಪ್ರೈಮರ್ ಹಚ್ಚದೆ ಕೂಡಿಸಲು ಬಿಡಬೇಡಿ. ಮುಖಕ್ಕೆ ಎಷ್ಟು ಒಳ್ಳೆ ಪೇಂಟ್ ಹಚ್ಚಿದರೂ ಬರಿ ಅಂಚಿನಿಂದ ನೀರು ಕುಡಿದರೆ ಅಲ್ಲಿಂದಲೇ ಪೇಂಟ್ ಏಳಲು ಶುರು ಆಗುತ್ತದೆ. ಕೊಯ್ಯುವಾಗ ಏಳುವ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಪುಪ್ಪುಸಕ್ಕೆ ಬಹಳ ಕೆಟ್ಟದ್ದು. ಕೊಯ್ಯುವ ಹುಡುಗರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರು, ನಮ್ಮ ಯಜಮಾನರು ಹೋಗಿ ಒಳ್ಳೆ ಮಾಸ್ಕ್ ತಂದು ಕೊಟ್ಟು, ನೀರು ಹಾಕಿಕೊಂಡೇ ಕೊಯ್ಯಿರಿ ಅಂತ ಹೇಳಿದರು. ದಯವಿಟ್ಟು ನೀವೂ ಹಾಗೇ ಮಾಡಿ. ನಮ್ಮ ಮನೆ ಚೆಂದ ಕಾಣಲಿ ಅಂತ ಇನ್ನೊಬ್ಬರ ಮಕ್ಕಳ ಎದೆ ಹಾಳಾಗಬಾರದು.

ಇಡೀ ಮನೆಗೆ ಯಾಕೆ ಬೇಡ ಅಂದರೆ, ಖರ್ಚು ಒಂದು ಕಾರಣ, ಫ್ರೇಮು, ಸ್ಕ್ರೂ, ಕೂಲಿ ಎಲ್ಲ ಸೇರಿದರೆ ಬರೀ ಪ್ಲಾಸ್ಟರ್ ಮೇಲೆ ಪೇಂಟ್ ಹಚ್ಚುವುದಕ್ಕಿಂತ ಎಷ್ಟೋ ಪಟ್ಟು ಆಗುತ್ತದೆ. ಎರಡನೆಯದು, ನೆಲದ ಹತ್ತಿರ ಹಲಗೆ ನಿಲ್ಲುವುದಿಲ್ಲ. ಅಮೆರಿಕಾದಲ್ಲೂ ನೆಲದಿಂದ ಕಡಿಮೆ ಅಂದರೆ 6 ಇಂಚು ಮೇಲೆಯೇ ಶುರು ಮಾಡಿ ಅಂತ ಹಲಗೆ ಮಾಡುವವರೇ ಹೇಳುತ್ತಾರೆ. ನಮ್ಮಲ್ಲಿ ಮಳೆ ಬಿದ್ದಾಗ ಎರೆ ಮಣ್ಣಿನ ಕೆಸರು ಅದಕ್ಕಿಂತ ಮೇಲಕ್ಕೇ ಚಿಮ್ಮುತ್ತದೆ. ಎರಡು ಮಳೆಗೆ ಬಿಳಿ ಗೋಡೆಯ ಬುಡ ಕಪ್ಪು ಚುಕ್ಕೆ ಚುಕ್ಕೆ ಆಗಿರುವುದನ್ನು ಪ್ರತಿ ಓಣಿಯಲ್ಲೂ ನೋಡಬಹುದು.

ಅಲ್ಲಿ ಫರಸಿ ಬೇಕು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ನೆಲದಡಿ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದೆ, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕೇ, ನಮ್ಮ ಅಜ್ಜಂದಿರ ಮನೆ ನೆಲ, ಕಟ್ಟೆ, ಮಾಳಿಗೆ ಎಲ್ಲಕ್ಕೂ ಫರಸಿ ಬಂದದ್ದೂ ಅಲ್ಲಿಂದಲೇ. ಈಗಿನವರು ಅದನ್ನು ಬಚ್ಚಲು, ಅಂಗಳಕ್ಕೆ ಮಾತ್ರ ಹಾಕಿ, ಎದುರು ಗೋಡೆಗೆ ದೂರದ ರಾಜ್ಯದಿಂದ ಬಂದ ಎಲಿವೇಷನ್ ಟೈಲ್ಸ್ ಅಂಟಿಸುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಮನೆ ಬಾಗಿಲಲ್ಲೇ ಇಂಥ ಕಲ್ಲು ಇದೆ, ಬಿಸಿಲಿಗೆ ಬಣ್ಣ ಹೋಗುವುದಿಲ್ಲ, ಕೆಸರು ಬಿದ್ದರೆ ಪೈಪ್ ಹಿಡಿದು ತೊಳೆದರೆ ಮುಗಿಯಿತು. ನಾವು ಪಾಲಿಷ್ ಇಲ್ಲದ ಒರಟು ಫರಸಿಯನ್ನು ಅಗಲ ಕಡಿಮೆ ಇರುವ ಉದ್ದುದ್ದ ಪಟ್ಟಿಗಳಾಗಿ ಕೊಯ್ಯಿಸಿ ಹಾಕಿಸಿದೆವು, ಮೇಲಿನ ಹಲಗೆಗಳ ಅಡ್ಡ ಗೆರೆಗಳಿಗೂ ಕೆಳಗಿನ ಕಲ್ಲಿನ ಅಡ್ಡ ಗೆರೆಗಳಿಗೂ ಸರಿ ಹೊಂದಿತು.

ಫರಸಿಯ ಬಣ್ಣ ಒಂದೇ ಅಲ್ಲ. ನೀಲಿ ಬೆರೆತ ಬೂದು ಇದೆ, ಸ್ವಲ್ಪ ಹಸಿರು ಛಾಯೆಯದು ಇದೆ, ಮಾಸಲು ಹಳದಿ ಇದೆ. ಒಂದೇ ಲೋಡಿನಿಂದ ಆರಿಸಿಕೊಳ್ಳಿ, ಮತ್ತು ಕಲ್ಲಿನ ಮೇಲೆ ನೀರು ಹಾಕಿ ನೋಡಿ. ಒಣಗಿದಾಗ ತಿಳಿ ಬೂದು ಇದ್ದ ಕಲ್ಲು ಒದ್ದೆ ಆದ ಕೂಡಲೇ ಗಾಢ ನೀಲಿಗಪ್ಪು ಆಗುತ್ತದೆ. ಮಳೆಗಾಲದ ಮೂರು ನಾಲ್ಕು ತಿಂಗಳು ನಿಮ್ಮ ಮನೆ ಆ ಎರಡನೆಯ ಬಣ್ಣದಲ್ಲೇ ಇರುತ್ತದೆ, ಗೋಡೆ ಬಣ್ಣ ಎರಡಕ್ಕೂ ಹೊಂದಬೇಕು. ಮತ್ತೆ, ಕಲ್ಲು ಕೂಡಿಸಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಗೌಂಡಿಗಳು ಆ್ಯಸಿಡ್ ಸುರಿಯಲು ಬರುತ್ತಾರೆ. ಬೇಡ ಅನ್ನಿ. ಇದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದ ಕಡೆ ಬುಸುಬುಸು ನೊರೆ ಬಂದು ಕಲ್ಲಿನ ಮೈಯೇ ಕರಗುತ್ತದೆ, ಆಮೇಲೆ ಆ ಬಿಳಿ ಕಲೆ ಯಾವುದಕ್ಕೂ ಹೋಗುವುದಿಲ್ಲ. ಒದ್ದೆ ಇರುವಾಗಲೇ ಬಟ್ಟೆಯಿಂದ ಒರೆಸಿಸಿದರೆ ಆ್ಯಸಿಡ್ ಬೇಕಾಗುವುದೇ ಇಲ್ಲ.

ಈಗ ಬಣ್ಣ. ಒಂದು ಪೇಂಟ್ ಕಂಪನಿಯ ಕಲರ್ ಸಲಹೆ ಸೇವೆ ತಗೊಂಡೆವು, ಹೆಸರು ಬರೆಯುವುದಿಲ್ಲ. ಬಂದ ಹುಡುಗ ಒಳ್ಳೆಯವನು. ಗೋಡೆಯ ತೇವ ಅಳೆಯುವ ಮೀಟರ್ ತಂದಿದ್ದ, ಉತ್ತರದ ಗೋಡೆ ಇನ್ನೂ ಒಣಗಿಲ್ಲ, ಕಾಯಿರಿ ಅಂತ ಅವನೇ ಹೇಳಿದ, ಆ ಒಂದು ಮಾತಿಗೆ ಅವನ ಸೇವೆ ತಗೊಂಡದ್ದು ಸಾರ್ಥಕ ಅನ್ನಿಸಿತು. ಹೊಸ ಪ್ಲಾಸ್ಟರ್ ಕಡಿಮೆ ಅಂದರೂ 28 ದಿನ ಆಗಬೇಕು, ನೀರು ಹೊಡೆದು ಗಟ್ಟಿ ಆಗಿ ಆಮೇಲೆ ಒಣಗಬೇಕು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಗೋಡೆ ಮೇಲೆ ಬಿಳಿ ಉಪ್ಪು ಏಳುತ್ತದೆ. ಗೃಹಪ್ರವೇಶದ ಮುಹೂರ್ತಕ್ಕೆ ಅಂತ ಅವಸರ ಮಾಡಿ ಹಚ್ಚಿಸಿದ ಮನೆಗಳನ್ನು ನೋಡಿ, ಬೇಗನೆ ಪೊರೆ ಪೊರೆಯಾಗಿ ಏಳುತ್ತಿರುತ್ತದೆ. ಆದರೆ ಬಣ್ಣದ ವಿಷಯದಲ್ಲಿ ಆ ಸೇವೆ ಅಷ್ಟಕ್ಕಷ್ಟೇ. ಟ್ಯಾಬ್‌ನಲ್ಲಿ ನಮ್ಮ ಮನೆ ಫೋಟೊ ಹಾಕಿ ಗಾಢ ಬೂದು ಗೋಡೆ, ನಡುವೆ ಕಿತ್ತಳೆ ಬಣ್ಣದ ಟೆಕ್ಸ್ಚರ್ ತೋರಿಸಿದ. ಊರ ತುಂಬ ಈಗ ಅದೇ ಇದೆ. ಗಾಢ ಬೂದು ಬಿಸಿಲನ್ನೆಲ್ಲ ಕುಡಿದು ರಾತ್ರಿಯವರೆಗೂ ಮನೆ ಒಳಗೆ ಬಿಡುತ್ತದೆ, ಒರಟು ಟೆಕ್ಸ್ಚರ್‌ನಲ್ಲಿ ಧೂಳು ಕೂರುತ್ತದೆ, ಕಿತ್ತಳೆ ಬಣ್ಣ ಮೊದಲು ಮಾಸುತ್ತದೆ. ಮೂರೂ ನಮ್ಮ ಹವೆಗೆ ವಿರುದ್ಧ.

ನಿಜವಾಗಿ ಬಣ್ಣ ಆರಿಸಿ ಕೊಟ್ಟವರು ನಮ್ಮ ಪೇಂಟರ್ ಚಾಚಾ. ಶೇಡ್ ಕಾರ್ಡ್ ಹಿಡಿದು ನಿಂತಿದ್ದ ನನಗೆ ಅವರು ಹೇಳಿದ್ದು ಇಷ್ಟೇ: "ಅಕ್ಕಾರ, ಕಾರ್ಡ್ ನೋಡಿ ಬಣ್ಣ ಆರಸಬ್ಯಾಡ್ರಿ. ಗ್ವಾಡಿ ಮ್ಯಾಲ ಹಚ್ಚಿ ತೋರಸ್ತೀನಿ, ಮಧ್ಯಾಹ್ನ ಬಿಸಲಾಗ ನಿಂತು ನೋಡ್ರಿ." ಕಾರ್ಡ್ ಮೇಲಿನ ಸಣ್ಣ ಚೌಕದಲ್ಲಿ ಸರಿಯಾಗಿ ಕಂಡ ಬಣ್ಣ ದೊಡ್ಡ ಗೋಡೆ ಮೇಲೆ, ಬಯಲ ಬಿಸಿಲಲ್ಲಿ ತುಂಬ ತಿಳಿಯಾಗಿ, ತುಂಬ ಪ್ರಖರವಾಗಿ ಕಾಣುತ್ತದೆ. ಹಾಗಾಗಿ ಮನಸ್ಸಿಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾದ, ಸ್ವಲ್ಪ ಬೂದು ಬೆರೆತ ಬಣ್ಣ ನೋಡಬೇಕು. ಸಣ್ಣ ಸ್ಯಾಂಪಲ್ ಡಬ್ಬಿ ತಂದು, ಕೆಳಗೆ ಪ್ರೈಮರ್ ಹಚ್ಚಿ, ಎರಡು ಅಡಿ ಅಗಲದ ಚೌಕಗಳನ್ನು ಪೂರ್ವದ ಗೋಡೆಗೂ ಪಶ್ಚಿಮದ ಗೋಡೆಗೂ ಹಚ್ಚಿಸಿ. ಪಕ್ಕದಲ್ಲಿ ಒಂದು ಫರಸಿ ತುಂಡು ಒರಗಿಸಿ ಇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಬೀದಿ ದೀಪದಲ್ಲಿ, ಎಲ್ಲಾ ಹೊತ್ತಲ್ಲೂ ನೋಡಿ. ಕಂಪನಿಗಳ ಮೊಬೈಲ್ ಆ್ಯಪ್ ಅಂದಾಜಿಗೆ ಪರವಾಗಿಲ್ಲ, ಅದನ್ನು ನಂಬಿ ಇಪ್ಪತ್ತು ಲೀಟರ್ ಬಕೆಟ್ ತರಬೇಡಿ.

ಹಾಗೆ ನೋಡಿದಾಗ ಅಚ್ಚ ಬಿಳಿ ಮೊದಲೇ ಬಿತ್ತು. ಮಧ್ಯಾಹ್ನ ಅದರ ಎದುರು ಕಣ್ಣು ಬಿಡಲು ಆಗಲಿಲ್ಲ, ಪಕ್ಕದಲ್ಲಿ ಫರಸಿ ಕೊಳಕಾಗಿ ಕಂಡಿತು. ಗುಲಾಬಿ ಛಾಯೆ ಇರುವ ಕ್ರೀಮ್ ಕೂಡ ಹೊಂದಲಿಲ್ಲ. ಫರಸಿಯ ನೀಲಿ ಬೂದಿನ ಪಕ್ಕ ಆ ಗುಲಾಬಿ ಇನ್ನೂ ಎದ್ದು ಕಂಡು ಗೋಡೆಗೆ ಜ್ವರ ಬಂದಂತೆ ಇತ್ತು. ಕೊನೆಗೆ ನಿಂತದ್ದು ಜೋಳದ ಹಿಟ್ಟಿನ ಬಣ್ಣ. ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ಸ್ವಲ್ಪ ಬೂದು ತಿರುಗಿದ ತಿಳಿ ಬಣ್ಣ. ಶೇಡ್ ಕಾರ್ಡ್‌ನಲ್ಲಿ ಅದಕ್ಕೆ ಏನೇನೋ ಹೆಸರು ಇರುತ್ತದೆ, ನೀವು ಅಂಗಡಿಗೆ ಹೋಗುವಾಗ ಒಂದು ಹಿಡಿ ಜೋಳದ ಹಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಕಾರ್ಡ್ ಪಕ್ಕ ಇಟ್ಟು ನೋಡಿ. ಧೂಳು ಕೂತರೂ ಎದ್ದು ಕಾಣುವುದಿಲ್ಲ, ಬಿಸಿಲನ್ನೂ ಬಹುಪಾಲು ತಿರುಗಿ ಕಳಿಸುತ್ತದೆ.

ಕಂಬ, ಕಿಟಕಿ ಪಟ್ಟಿ, ಸಜ್ಜಾ ಅಂಚಿಗೆ ಅದಕ್ಕಿಂತ ತಿಳಿಯಾದ ಬಿಳಿ. ಗೋಡೆಗೂ ಪಟ್ಟಿಗೂ ವ್ಯತ್ಯಾಸ ಇಲ್ಲದಿದ್ದರೆ ಕಲೋನಿಯಲ್ ಮನೆಯ ಅಂದವೇ ಹೋಗುತ್ತದೆ, ಯಾಕೆಂದರೆ ಈ ಶೈಲಿಯ ಪೂರಾ ಅಂದ ಎಡ ಬಲ ಸಮ ಇರುವುದರಲ್ಲಿ, ಗೆರೆಗಳು ಸ್ಪಷ್ಟ ಇರುವುದರಲ್ಲಿ ಇದೆ. ಹತ್ತಿರದಲ್ಲಿ ನೋಡಬೇಕು ಅಂದರೆ ಹೈದರಾಬಾದ್‌ಗೆ ಹೋದಾಗ ಕೋಠಿಯ ಹಳೆ ಬ್ರಿಟಿಷ್ ರೆಸಿಡೆನ್ಸಿ ಎದುರು ನಿಂತು ನೋಡಿ. 19ನೇ ಶತಮಾನದ ಆರಂಭದ ಕಟ್ಟಡ. ಆ ದೊಡ್ಡ ಕಂಬಗಳ ಮುಂದೆ ಬಣ್ಣದ ಆಟವೇ ಬೇಕಾಗಿಲ್ಲ, ನೆರಳೇ ಕೆಲಸ ಮಾಡುತ್ತದೆ. ನಮ್ಮ ಬಿಸಿಲಲ್ಲಿ ಉಬ್ಬಿದ ಒಂದು ಇಂಚಿನ ಪಟ್ಟಿ ಕೂಡ ಎಷ್ಟು ಚೂಪಾದ ನೆರಳು ಕೊಡುತ್ತದೆ ಅಂದರೆ, ಐದಾರು ಬಣ್ಣ ತುಂಬಿಸುವ ಅಗತ್ಯವೇ ಇಲ್ಲ.

ಎದ್ದು ಕಾಣುವ ಬಣ್ಣದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಯಜಮಾನರಿಗೆ ವರ್ಜೀನಿಯಾದ ಹಾಗೆ ಕೆಂಪು ಬಾಗಿಲು ಬೇಕು. ನಮ್ಮದು ಸಾಗವಾನಿ ಬಾಗಿಲು, ಅದರ ಮೇಲೆ ಪೇಂಟ್ ಹಚ್ಚಲು ಅತ್ತೆ ಒಪ್ಪಲೇ ಇಲ್ಲ. ಅವರು ಹೇಳಿದ್ದು ನನಗೂ ಸರಿ ಅನ್ನಿಸಿತು: "ಹೊಸ್ತಿಲಕ್ಕ ಅರಿಷಿಣ ಕುಂಕುಮ ಇರ್ತದ, ತೋರಣ ಇರ್ತದ, ಅದಕ್ಕಿಂತ ಚೆಂದನ ಬಣ್ಣ ಇನ್ಯಾವುದು ಬೇಕಪಾ?" ಬಾಗಿಲು ಮರದ ಬಣ್ಣದಲ್ಲೇ ಉಳಿಯಿತು, ಹೊರಗಿನ ಬಳಕೆಯ ಪಿಯು (ಪಾಲಿಯುರೆಥೇನ್) ಪಾಲಿಷ್ ಹೊಡೆಸಿದೆವು. ಬಿಸಿಲು ಬೀಳುವ ಬಾಗಿಲಿಗೆ ಮೆಲಮೈನ್ ಪಾಲಿಷ್ ಹೊಡೆಸಬೇಡಿ, ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ.

ಕೆಂಪು ಬೇಕೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಬಣ್ಣ ಕೊಡುವ ಪುಡಿಗಳಲ್ಲಿ ಕಬ್ಬಿಣದ ಆಕ್ಸೈಡ್‌ನಿಂದ ಬರುವ ಜಾಜು ಕೆಂಪು, ಕಾವಿ, ಮಣ್ಣು ಹಳದಿ, ಕಂದು ಇವು ಬಿಸಿಲಿಗೆ ಗಟ್ಟಿ. ಹೊಳೆಯುವ ಕೆಂಪು, ನಿಂಬೆ ಹಳದಿ, ನೇರಳೆ ಇವುಗಳಲ್ಲಿ ಹೆಚ್ಚಿನವು ಬೇಗ ಮಾಸುತ್ತವೆ. ಅಮೆರಿಕಾದ ಹಳೆಯ ಕಲೋನಿಯಲ್ ಮನೆಗಳಲ್ಲೂ ಈ ಮಣ್ಣಿನ ಕೆಂಪು, ಮಣ್ಣಿನ ಹಳದಿ ಬಹಳ ಇತ್ತು, ಎಲ್ಲಾ ಮನೆ ಬಿಳಿ, ಶಟರ್ ಕಪ್ಪು ಅನ್ನುವುದು ಆಮೇಲೆ ಗಟ್ಟಿಯಾದ ರೂಢಿ. ಅಂದಮೇಲೆ ನಮ್ಮ ಅಜ್ಜಿಯರು ಕಟ್ಟೆಗೆ ಬಳಿಯುತ್ತಿದ್ದ ಜಾಜು ಈ ಶೈಲಿಗೆ ಹೊರಗಿನದು ಏನೂ ಅಲ್ಲ. ನಾವು ಮೆಟ್ಟಿಲಿನ ಅಂಚಿಗೆ, ತುಳಸಿ ಕಟ್ಟೆಗೆ ಆ ಕೆಂಪು ಹಾಕಿಸಿದೆವು, ಯಜಮಾನರೂ ಒಪ್ಪಿದರು.

ಕಿಟಕಿಗೆ ಕಪ್ಪಿನ ಬದಲು ಬಾಟಲಿ ಹಸಿರು. ನಮ್ಮ ಕಡೆ ಹಳೆ ಮನೆಗಳ ಕಿಟಕಿ ಬಾಗಿಲಿಗೆ ಹಸಿರು ಆಯಿಲ್ ಪೇಂಟ್ ಹಚ್ಚುವುದು ಮೊದಲಿನಿಂದ ಇದೆ, ಬ್ರಹ್ಮಪುರ, ಶಹಾಬಜಾರ್ ಓಣಿಗಳಲ್ಲಿ ಇನ್ನೂ ಕಾಣುತ್ತದೆ. ಗಾಢ ಹಸಿರು ಬಿಸಿಲಿಗೂ ಚೆನ್ನಾಗಿ ನಿಲ್ಲುತ್ತದೆ, ಜೋಳದ ಹಿಟ್ಟಿನ ಬಣ್ಣಕ್ಕೂ, ಫರಸಿಗೂ ನಡುವೆ ಕೂಡಿಸುವ ಕೊಂಡಿ ಆಗುತ್ತದೆ. ಕಿಟಕಿ ಪಕ್ಕಕ್ಕೆ ಸುಮ್ನೆ ಅಂಟಿಸುವ ನಕಲಿ ಶಟರ್ ಹಾಕಿಸಲಿಲ್ಲ. ಮುಚ್ಚಲು ಬರುವ ನಿಜವಾದ ಮರದ ಪಟ್ಟಿ ಬಾಗಿಲನ್ನೇ ಪಶ್ಚಿಮದ ಎರಡು ಕಿಟಕಿಗೆ ಮಾಡಿಸಿದೆವು, ಮಧ್ಯಾಹ್ನ ಮುಚ್ಚಿದರೆ ಕೋಣೆ ತಣ್ಣಗೆ ಇರುತ್ತದೆ, ಗಾಳಿಯೂ ಆಡುತ್ತದೆ. ಖರ್ಚು ಮಾಡಿದ್ದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ಬೀದರ್‌ನವರು ಈ ಲೆಕ್ಕವನ್ನು ಹಾಗೇ ತಗೊಳ್ಳಬೇಡಿ. ನಾದಿನಿಯ ಮನೆ ಅಲ್ಲಿದೆ, ಅಲ್ಲಿ ಮಣ್ಣು ಕೆಂಪು, ಕಲ್ಲು ಕೆಂಪು, ಕೋಟೆಯಿಂದ ಹಿಡಿದು ಕಾಂಪೌಂಡ್ ಗೋಡೆವರೆಗೆ ಆ ಕೆಂಪೇ. ಚಿಮ್ಮುವ ಕೆಸರೂ ಕೆಂಪು. ಅಲ್ಲಿ ಬೂದು ಛಾಯೆ ಮಂಕಾಗಿ ಕಾಣುತ್ತದೆ, ಹಳದಿ ತಿರುಗಿದ ಕ್ರೀಮ್ ಗೋಡೆ, ಬುಡಕ್ಕೆ ಅಲ್ಲಿಯ ಕೆಂಪು ಕಲ್ಲು ಹಾಕಿದರೆ ಬಹಳ ಚೆಂದ. ಗಾಢ ನೀಲಿ ಬೇಕು ಅನ್ನುವವರು ಮಹಮೂದ್ ಗವಾನ್ ಮದರಸಾ ನೋಡಿ ಬನ್ನಿ. 1472ರ ಕಟ್ಟಡ, ಗೋಡೆ ಮೇಲೆ ಉಳಿದಿರುವ ಹೆಂಚಿನ ತುಣುಕುಗಳ ನೀಲಿ ಇವತ್ತಿಗೂ ಕಣ್ಣಿಗೆ ಹೊಡೆಯುತ್ತದೆ. ಅದು ಮೆರುಗು ಹಚ್ಚಿ ಬೆಂಕಿಯಲ್ಲಿ ಸುಟ್ಟ ಬಣ್ಣ. ಡಬ್ಬಿಯ ನೀಲಿ ಹಾಗೆ ನಿಲ್ಲುವುದಿಲ್ಲ, ನೀಲಿ ಬೇಕಾದರೆ ಸಣ್ಣ ಜಾಗಕ್ಕೆ ಟೈಲ್ಸ್ ರೂಪದಲ್ಲೇ ತನ್ನಿ.

ಪೇಂಟ್ ಮತ್ತು ಅಂಗಡಿ ಬಗ್ಗೆ. ದೊಡ್ಡ ಕಂಪನಿಗಳ ಮೇಲ್ದರ್ಜೆಯ ಹೊರಗಿನ ಎಮಲ್ಷನ್ ಎಲ್ಲವೂ ಹೆಚ್ಚು ಕಡಿಮೆ ಒಂದೇ ಮಟ್ಟದವು ಅಂತ ನನ್ನ ಅಭಿಪ್ರಾಯ. ಏಷ್ಯನ್ ಪೇಂಟ್ಸ್ ಅಪೆಕ್ಸ್ ಅಲ್ಟಿಮಾ ಇರಲಿ, ಬರ್ಜರ್ ವೆದರ್‌ಕೋಟ್ ಇರಲಿ, ಡ್ಯುಲಕ್ಸ್ ವೆದರ್‌ಶೀಲ್ಡ್ ಇರಲಿ, ಪ್ರೈಮರ್ ಸರಿಯಾಗಿ ಹಚ್ಚಿ, ಎರಡು ಪೂರ್ತಿ ಕೋಟ್ ಕೊಟ್ಟರೆ ನಿಲ್ಲುತ್ತದೆ. ಸಮ ಇರುವ ಗೋಡೆಗೆ ಎರಡು ಕೋಟ್‌ಗೆ ಒಂದು ಲೀಟರ್‌ನಲ್ಲಿ ಸುಮಾರು 50ರಿಂದ 60 ಚದರ ಅಡಿ ಬರುತ್ತದೆ. ಪೇಂಟರ್ ನೂರು ಅಡಿ ಬರುತ್ತದೆ ಅಂದರೆ ಅವನು ನೀರು ಜಾಸ್ತಿ ಬೆರೆಸುತ್ತಾನೆ ಅಂತಲೇ ಅರ್ಥ. ಕಂಪನಿಗಳು ಹೇಳುವ ವಾರಂಟಿ ಕೂಡ ಅವರು ಹೇಳಿದ ಪ್ರೈಮರ್, ಅವರು ಹೇಳಿದಷ್ಟು ಕೋಟ್ ಹಾಕಿದ್ದರೆ ಮಾತ್ರ, ಬಿಲ್ ಜೋಪಾನ ಮಾಡಿ ಇಡಿ.

ನಾವು ಪೇಂಟ್ ತಂದ ಊರೊಳಗಿನ ಒಂದು ಅಂಗಡಿಯವರು ಮೊದಲ ಸಲ ಒಳಗೋಡೆಗೆ ಮಾತ್ರ ಆಗುವ ಶೇಡ್ ಅನ್ನು ಹೊರಗಿನ ಬೇಸ್‌ನಲ್ಲಿ (ಶೇಡ್ ಬೆರೆಸುವ ಮೂಲ ಪೇಂಟ್) ಕಲಸಿ ಕೊಟ್ಟಿದ್ದರು. ಕಾರ್ಡ್‌ನಲ್ಲಿ ಯಾವ ಶೇಡ್ ಹೊರಗೆ ನಡೆಯುತ್ತದೆ ಅಂತ ಗುರುತು ಇರುತ್ತದೆ, ಚಾಚಾ ಅದನ್ನು ಹಿಡಿದರು. ಮಷೀನ್‌ನಲ್ಲಿ ಕಲಸಿದ ಬಕೆಟ್ ವಾಪಸ್ ಇಲ್ಲ ಅಂತ ಮಾಲೀಕರು ಪಟ್ಟು ಹಿಡಿದರು, ಕಾರ್ಡ್ ಮುಂದಿಟ್ಟು ಮಾತಾಡಿದ ಮೇಲೆ ಬದಲಿಸಿ ಕೊಟ್ಟರು. ಕೊಟ್ಟದ್ದಕ್ಕೆ ಸಂತೋಷ, ಆದರೆ ಅಷ್ಟು ಗೊತ್ತಿಲ್ಲದ ಗಿರಾಕಿ ಆ ಬಕೆಟ್ ಹಚ್ಚಿ ಎರಡು ವರ್ಷಕ್ಕೆ ಗೋಡೆ ಕಳೆದುಕೊಳ್ಳುತ್ತಿದ್ದರು, ಇದು ಸರಿಯಲ್ಲ. ಬಕೆಟ್ ಮುಚ್ಚಳದ ಮೇಲಿನ ಶೇಡ್ ಕೋಡ್ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಮೂರು ಬಕೆಟ್ ಇದ್ದರೆ ಎಲ್ಲವನ್ನೂ ಒಂದು ದೊಡ್ಡ ಡ್ರಮ್‌ನಲ್ಲಿ ಸೇರಿಸಿ ಹಚ್ಚಿಸಿ, ಬಕೆಟ್‌ನಿಂದ ಬಕೆಟ್‌ಗೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ನಡು ಗೋಡೆಯಲ್ಲಿ ಗೊತ್ತಾಗುತ್ತದೆ.

ಪೇಂಟ್ ಹಚ್ಚಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೇಸಿಗೆಯಲ್ಲೇ ಹಚ್ಚಬೇಕಾದರೆ ನೆರಳಿನ ಹಿಂದೆ ಹೋಗಬೇಕು, ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನದ ಮೇಲೆ. ಕಾದ ಗೋಡೆ ಮೇಲೆ ಪೇಂಟ್ ರೋಲರ್ ಎಳೆಯುವ ಮೊದಲೇ ಒಣಗಿ ಪಟ್ಟೆ ಪಟ್ಟೆ ಆಗುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಕುಗ್ಗಿ, ಮಳೆಗೆ ಉಬ್ಬುವುದರಿಂದ ಕೂದಲೆಳೆ ಬಿರುಕು ಯಾವ ಮನೆಗೂ ತಪ್ಪಿದ್ದಲ್ಲ, ಅದಕ್ಕೆ ಪೇಂಟ್‌ಗೆ ಮೊದಲು ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಬಿರುಕು ಅಗಲ ಇದ್ದರೆ ಪೇಂಟರ್‌ನನ್ನಲ್ಲ, ಎಂಜಿನಿಯರ್‌ನನ್ನು ಕರೆಯಿರಿ.

ಈಗಿನ ಸ್ಥಿತಿ ಹೀಗಿದೆ. ಜೋಳದ ಹಿಟ್ಟಿನ ಬಣ್ಣ ಮಾಸಿಲ್ಲ, ಹಲಗೆಯ ಅಂಚು ಎಲ್ಲೂ ಎದ್ದಿಲ್ಲ, ಫರಸಿ ಹೊಸದರಂತೆ ಇದೆ. ಮಾಸಿದ್ದು ಗೇಟಿನ ಕಪ್ಪು ಎನಾಮಲ್ ಮಾತ್ರ, ಮೇಲ್ಭಾಗ ಹೊಳಪು ಹೋಗಿ ಬೂದಿ ಹಿಡಿದಂತೆ ಆಗಿದೆ. ಬರುವ ದೀಪಾವಳಿಗೆ ಅದಕ್ಕೂ ಕಿಟಕಿಯ ಹಸಿರನ್ನೇ ಹಚ್ಚಿಸುತ್ತೇವೆ, ಚಾಚಾಗೆ ಈಗಲೇ ಹೇಳಿಟ್ಟಿದ್ದೇನೆ.